ಹೊಸ ನರ್ಸ್‌ಗೆ ಅರೆಕಾಲಿಕ ಕೆಲಸ: ಹುಡುಕುವುದು ಹೇಗೆ, ಕೇಳುವುದು ಏನು?

ನರ್ಸಿಂಗ್ ಓದು ಮುಗಿದ ಕೂಡಲೇ ಪೂರ್ಣಾವಧಿ ಕೆಲಸಕ್ಕೆ ಸೇರುವುದು ಎಲ್ಲರಿಗೂ ಸಾಧ್ಯವಾಗುವುದಿಲ್ಲ. ಕೆಲವರು ಮುಂದೆ ಓದುತ್ತಿರುತ್ತಾರೆ, ಕೆಲವರಿಗೆ ಮನೆಯಲ್ಲಿ ಎಳೆಯ ಮಗುವೋ ಹಾಸಿಗೆ ಹಿಡಿದ ಹಿರಿಯರೋ ಇರುತ್ತಾರೆ. ಹಗಲು ರಾತ್ರಿ ನಡೆಯುವ ಆಸ್ಪತ್ರೆಗಳಲ್ಲಿ ಅರೆಕಾಲಿಕ ಕೆಲಸಕ್ಕೆ ಅವಕಾಶವೇನೋ ಇದೆ. ಆದರೆ ಐದಾರು ವರ್ಷ ದುಡಿದ ನರ್ಸ್‌ಗೆ ಒಗ್ಗುವ ಅರೆಕಾಲಿಕ ಕೆಲಸ ನಿನ್ನೆ ಮೊನ್ನೆ ಹೊರಬಂದವರಿಗೂ ಒಗ್ಗುತ್ತದೆ ಎನ್ನಲಾಗದು.

ಹುಡುಕಾಟಕ್ಕೆ ಮೊದಲು ಕಾಗದಪತ್ರ ಸರಿಯಿರಬೇಕು. ಪದವಿ ಕೈಗೆ ಬಂದ ಮಾತ್ರಕ್ಕೆ ರೋಗಿಯ ಆರೈಕೆಯ ಅಧಿಕಾರ ಬರುವುದಿಲ್ಲ; ಕೆಲಸ ಮಾಡಬೇಕೆಂದಿರುವ ಊರು ಯಾವ ನರ್ಸಿಂಗ್ ಕೌನ್ಸಿಲ್‌ನ ವ್ಯಾಪ್ತಿಗೆ ಬರುತ್ತದೆಯೋ ಅಲ್ಲಿ ನೋಂದಣಿಯಾಗಬೇಕು. ಜೀವರಕ್ಷಣೆಯ ಪ್ರಾಥಮಿಕ ತರಬೇತಿ, ಅಂದರೆ ಬಿಎಲ್‌ಎಸ್ ಪ್ರಮಾಣಪತ್ರವನ್ನು ಬಹುತೇಕ ಕಡೆ ಕೇಳುತ್ತಾರೆ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಕೊಡುವ ಪ್ರಮಾಣಪತ್ರದ ಅವಧಿ 2 ವರ್ಷ. ಹೆಚ್ಚಿನವರು ಕೊನೆಗಳಿಗೆಯಲ್ಲಿ ತೊಡಕಿಗೆ ಸಿಕ್ಕಿಕೊಳ್ಳುವುದು ಹೆಪಟೈಟಿಸ್ ಬಿ ಲಸಿಕೆಯಲ್ಲಿ. ಸಾಮಾನ್ಯ ಕ್ರಮದಲ್ಲಿ ಅದರ 3 ಡೋಸ್‌ಗಳು ಮುಗಿಯಲು 6 ತಿಂಗಳು ಬೇಕು. ಕೊನೆಯ ಡೋಸ್ ಆಗಿ ಒಂದೆರಡು ತಿಂಗಳಿಗೆ ರಕ್ತಪರೀಕ್ಷೆ ಮಾಡಿಸಿ ಪ್ರತಿಕಾಯಗಳು ಬೆಳೆದಿವೆಯೇ ಎಂದು ನೋಡಬೇಕು. ಈ ದಾಖಲೆ ಇಲ್ಲದಿದ್ದರೆ ಇಂದೇ ಆರಂಭಿಸುವುದು ಒಳ್ಳೆಯದು.

ಇನ್ನು ಕೆಲಸದ ಸ್ವರೂಪದ ಆಯ್ಕೆ. ಅರೆಕಾಲಿಕ ಎಂಬ ಒಂದೇ ಹೆಸರಿನಡಿ ಎರಡು ಬೇರೆ ಬೇರೆ ಕೆಲಸಗಳಿವೆ. ಒಂದರಲ್ಲಿ ನಿಮ್ಮದೇ ವಾರ್ಡ್ ಇರುತ್ತದೆ, ವಾರಕ್ಕೆ ಇಂತಿಷ್ಟು ಪಾಳಿ ಎಂದು ನಿಗದಿಯಾಗಿರುತ್ತದೆ. ಇನ್ನೊಂದರಲ್ಲಿ ಯಾರಾದರೂ ರಜೆ ಹಾಕಿದಾಗ ಕರೆ ಬರುತ್ತದೆ, ಎಲ್ಲಿ ಕೊರತೆಯಿದೆಯೋ ಅಲ್ಲಿಗೆ ಹೋಗಬೇಕು; ಬ್ರಿಟನ್ನಿನಲ್ಲಿ ಇದನ್ನು ಬ್ಯಾಂಕ್ ಕೆಲಸ ಎಂದೂ ಅಮೆರಿಕದಲ್ಲಿ ಪರ್ ಡೀಮ್ ಎಂದೂ ಕರೆಯುತ್ತಾರೆ. ಎರಡನೆಯದರಲ್ಲಿ ಸ್ವಾತಂತ್ರ್ಯ ಹೆಚ್ಚು, ಗಂಟೆಯ ಲೆಕ್ಕದಲ್ಲಿ ಸಂಬಳವೂ ಹೆಚ್ಚಿರಬಹುದು. ಆದರೂ ಹೊಸಬರು ಮೊದಲ ವರ್ಷ ಅದರ ತಂಟೆಗೆ ಹೋಗದಿರುವುದೇ ಲೇಸು ಎಂಬುದು ನನ್ನ ಅಭಿಪ್ರಾಯ. ರಾತ್ರಿ ಎರಡು ಗಂಟೆಗೆ ಗೊತ್ತಿಲ್ಲದ ವಾರ್ಡಿನಲ್ಲಿ ರೋಗಿಯೊಬ್ಬರ ಉಸಿರಾಟ ಏರುತ್ತಿರುವಾಗ ಆಕ್ಸಿಜನ್ ಮಾಸ್ಕ್ ಯಾವ ಕಪಾಟಿನಲ್ಲಿದೆ, ಯಾವ ವೈದ್ಯರಿಗೆ ಫೋನ್ ಮಾಡಬೇಕು ಎಂದು ತಡಕಾಡುವುದು ಅನುಭವಿಗಳಿಗೇ ಕಷ್ಟ. ಇನ್ನೂ ಕೈ ಕುದುರದವರಿಗೆ ಅದು ಅಪಾಯ. ಹಾಗಾಗಿ ವಿದ್ಯಾರ್ಥಿಯಾಗಿದ್ದಾಗ ಕ್ಲಿನಿಕಲ್ ಪೋಸ್ಟಿಂಗ್ ಮಾಡಿದ ವಾರ್ಡಿನಲ್ಲೇ ಮೊದಲು ವಿಚಾರಿಸಿ. ಅಲ್ಲಿನ ಇನ್‌ಚಾರ್ಜ್ ಸಿಸ್ಟರ್ ನಿಮ್ಮ ಕೆಲಸ ನೋಡಿದ್ದಾರೆ, ಯಾರಿಗೆ ಯಾವ ಪಾಳಿ ಎಂಬ ಪಟ್ಟಿ, ಅಂದರೆ ರೋಸ್ಟರ್ ಬರೆಯುವವರೂ ಸಾಮಾನ್ಯವಾಗಿ ಅವರೇ.

ಆಸ್ಪತ್ರೆಯ ಹೊರಗೂ ದಾರಿಗಳಿವೆ. ಡೇ ಕೇರ್ ಶಸ್ತ್ರಚಿಕಿತ್ಸಾ ಕೇಂದ್ರ, ಲಸಿಕಾ ಶಿಬಿರ, ರಕ್ತನಿಧಿ, ವೃದ್ಧಾಶ್ರಮ ಇವುಗಳಲ್ಲಿ ಕೆಲಸದ ವೇಳೆ ಹೆಚ್ಚು ಖಚಿತ. ಡಯಾಲಿಸಿಸ್ ಕೇಂದ್ರದಲ್ಲಿ ಒಬ್ಬ ರೋಗಿಯ ಒಂದು ಸರದಿ ಸುಮಾರು 4 ಗಂಟೆ ಹಿಡಿಯುವುದರಿಂದ ದಿನವನ್ನು ಭಾಗ ಮಾಡಿಕೊಳ್ಳುವುದು ಸುಲಭ, ಆದರೆ ಯಂತ್ರದ ತರಬೇತಿ ಅವರೇ ಕೊಡುತ್ತಾರೆಯೇ ಎಂದು ಕೇಳಿಕೊಳ್ಳಬೇಕು. ಒಬ್ಬರೇ ಇರಬೇಕಾದ ಮನೆ ಆರೈಕೆಯ ಕೆಲಸವನ್ನು ಸ್ವಲ್ಪ ಮುಂದಕ್ಕೆ ಹಾಕಿ.

ಅರ್ಜಿಯಲ್ಲಿ ‘ಯಾವ ಸಮಯಕ್ಕೂ ಸಿದ್ಧ’ ಎಂದು ಬರೆದರೆ ಉದಾರವಾಗಿ ಕಾಣುತ್ತದೆ, ರೋಸ್ಟರ್ ಬರೆಯುವವರಿಗೆ ಅದರಿಂದ ಪ್ರಯೋಜನವಿಲ್ಲ. ‘ಶನಿವಾರ, ಭಾನುವಾರ ಯಾವ ಪಾಳಿಯಾದರೂ ಸರಿ, ಬುಧವಾರ ಮಧ್ಯಾಹ್ನದ ಪಾಳಿ ಮಾತ್ರ, ತರಬೇತಿಯ ಮೊದಲ ಆರು ವಾರ ಪೂರ್ಣಾವಧಿ ಬರಬಲ್ಲೆ’ ಎಂದು ಬರೆಯಿರಿ. ಆ ಕೊನೆಯ ಮಾತಿಗೆ ತೂಕ ಹೆಚ್ಚು, ಏಕೆಂದರೆ ಹೊಸಬರನ್ನು ಅರೆಕಾಲಿಕವಾಗಿ ತೆಗೆದುಕೊಳ್ಳಲು ಆಸ್ಪತ್ರೆಗಳು ಹಿಂಜರಿಯುವುದು ತರಬೇತಿ ಎಳೆದಾಡುತ್ತದೆ ಎಂಬ ಅಂಜಿಕೆಯಿಂದ.

ಸಂದರ್ಶನದಲ್ಲಿ ಔಷಧದ ಲೆಕ್ಕ ಕೇಳಿದರೆ ಅಚ್ಚರಿಪಡಬೇಡಿ. 100 ಮಿಲಿ ದ್ರಾವಣವನ್ನು 30 ನಿಮಿಷದಲ್ಲಿ ಕೊಡಬೇಕು, ಡ್ರಿಪ್ ಸೆಟ್‌ನಲ್ಲಿ 20 ಹನಿಗೆ 1 ಮಿಲಿ ಎಂದಿದ್ದರೆ, 100ನ್ನು 20ರಿಂದ ಗುಣಿಸಿ 30ರಿಂದ ಭಾಗಿಸಬೇಕು. ನಿಮಿಷಕ್ಕೆ ಸುಮಾರು 67 ಹನಿ. ಉತ್ತರ ಹೇಳುವ ಮುನ್ನ ಸೆಟ್‌ನ ಹನಿ ಪ್ರಮಾಣ ಎಷ್ಟೆಂದು ನೀವೇ ಕೇಳಿದರೆ ಇನ್ನೂ ಒಳ್ಳೆಯದು.

ನೀವು ಕೇಳಬೇಕಾದವೂ ಇವೆ. ಮೊದಲ ಪಾಳಿಗಳಲ್ಲಿ ಜೊತೆಗಿರುವವರು ಯಾರು? ಬೇರೆ ವಾರ್ಡಿಗೆ ಕಳಿಸುತ್ತಾರೆಯೇ? ಪಾಳಿ ರದ್ದಾದರೆ ಎಷ್ಟು ಮುಂಚೆ ತಿಳಿಸುತ್ತಾರೆ? ಹ್ಯಾಂಡೋವರ್‌ಗೆ, ಅಂದರೆ ಪಾಳಿ ಬದಲಾಗುವಾಗ ರೋಗಿಗಳ ವಿವರವನ್ನು ಮುಂದಿನವರಿಗೆ ಒಪ್ಪಿಸಲು, ತಗಲುವ ಸಮಯಕ್ಕೆ ಸಂಬಳ ಉಂಟೇ? ವೃತ್ತಿ ವಿಮೆ ಆಸ್ಪತ್ರೆಯದೋ ನಿಮ್ಮದೋ? ಉತ್ತರಗಳು ನೇಮಕಾತಿ ಪತ್ರದಲ್ಲಿ ಬರಹದಲ್ಲಿರಲಿ. ಅರೆಕಾಲಿಕ ನೌಕರರನ್ನು ಪೂರ್ಣಾವಧಿಯವರಿಗಿಂತ ಕೀಳಾಗಿ ಕಾಣಬಾರದೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1994ರಲ್ಲೇ ಪ್ರತ್ಯೇಕ ಒಡಂಬಡಿಕೆ ರೂಪಿಸಿದೆ. ಅದನ್ನು ಒಪ್ಪದ ದೇಶಗಳೂ ಇವೆ, ಆದ್ದರಿಂದ ಸ್ಥಳೀಯ ಕಾನೂನು ನೋಡಿಕೊಳ್ಳಬೇಕು.

ಎರಡು ಕಡೆ ಕೆಲಸ ಹಿಡಿಯುವವರು ಒಂದೆಡೆಯ ರಾತ್ರಿ ಪಾಳಿಗೆ ಇನ್ನೊಂದೆಡೆಯ ಬೆಳಗಿನ ಪಾಳಿಯನ್ನು ಅಂಟಿಸಬಾರದು. ಎರಡೂ ರೋಸ್ಟರ್‌ಗಳು ಒಟ್ಟಿಗೆ ಕಾಣುವುದು ನಿಮಗೊಬ್ಬರಿಗೇ. ಮಾಡಿದ ಪ್ರತಿ ಪಾಳಿಯ ದಿನಾಂಕ, ವಾರ್ಡ್, ಗಂಟೆಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಿ: ಕೆಲವು ದೇಶಗಳಲ್ಲಿ ನೋಂದಣಿ ನವೀಕರಣಕ್ಕೆ ಕೆಲಸದ ಗಂಟೆಗಳ ಲೆಕ್ಕ ಕೊಡಬೇಕಾಗುತ್ತದೆ, ಬ್ರಿಟನ್ನಿನಲ್ಲಿ ಅದು 3 ವರ್ಷಕ್ಕೆ 450 ಗಂಟೆ.