ಜ್ವರದ ದಿನಗಳಲ್ಲಿ ರಕ್ತ ತೆಳುವಾಗಿಸುವ ಗುಳಿಗೆ: ನನ್ನ ಅನುಭವ

ನನ್ನ ಎದೆಯಲ್ಲಿ 2016ರಿಂದ ಒಂದು ಕೃತಕ ಕವಾಟವಿದೆ. ಚಿಕ್ಕಂದಿನಲ್ಲಿ ಬಂದುಹೋದ ರುಮ್ಯಾಟಿಕ್ ಜ್ವರವು ಹೃದಯದ ಮೈಟ್ರಲ್ ಕವಾಟವನ್ನು ಮೆಲ್ಲಗೆ ಕೆಡಿಸುತ್ತ ಬಂದು, ನಲವತ್ತು ದಾಟುವ ಹೊತ್ತಿಗೆ ಮೆಟ್ಟಿಲು ಹತ್ತುವುದೂ ಕಷ್ಟವಾಗಿ, ಕೊನೆಗೆ ಬೆಂಗಳೂರಿನಲ್ಲಿ ಶಸ್ತ್ರಚಿಕಿತ್ಸೆ ಮಾಡಿ ಅದನ್ನು ಬದಲಿಸಿದರು. ಕೃತಕ ಕವಾಟದ ಮೇಲೆ ರಕ್ತ ಹೆಪ್ಪುಗಟ್ಟಬಾರದೆಂದು ಅಂದಿನಿಂದ ದಿನವೂ ಸಂಜೆ 7 ಗಂಟೆಗೆ ಅಸಿಟ್ರೋಮ್ ಗುಳಿಗೆ ತೆಗೆದುಕೊಳ್ಳುತ್ತೇನೆ. ಒಂದು ದಿನ 3 ಮಿಲಿಗ್ರಾಂ, ಮರುದಿನ 2 ಮಿಲಿಗ್ರಾಂ. ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದನ್ನು ಅಳೆಯುವ ಐಎನ್‌ಆರ್ ಸಂಖ್ಯೆ ಸಾಮಾನ್ಯ ಮನುಷ್ಯನಲ್ಲಿ 1ರ ಆಸುಪಾಸಿನಲ್ಲಿರುತ್ತದೆ. ನನ್ನದು 2.5ರಿಂದ 3.5ರ ನಡುವೆ ಇರಬೇಕು. ಅದಕ್ಕಿಂತ ಕಡಿಮೆಯಾದರೆ ಕವಾಟದಲ್ಲಿ ಹೆಪ್ಪುಗಟ್ಟುವ ಭಯ, ಹೆಚ್ಚಾದರೆ ರಕ್ತಸ್ರಾವದ ಭಯ. ನಾನು ಹಾವೇರಿಯಲ್ಲಿ ಪ್ರೌಢಶಾಲೆಯ ಶಿಕ್ಷಕ, ಮಕ್ಕಳ ನಡುವೆ ಇರುವವನು. ಆದ್ದರಿಂದ ನೆಗಡಿ, ಜ್ವರಗಳು ನಮ್ಮ ಮನೆಗೆ ಬಾರದ ವರ್ಷವಿಲ್ಲ. ಈ ಗುಳಿಗೆಯನ್ನು ಇಟ್ಟುಕೊಂಡು ಎರಡು ಸಲ ಫ್ಲೂ ದಾಟಿದ್ದೇನೆ, ಒಂದು ಸಲ ಕೆಟ್ಟದಾಗಿ, ಇನ್ನೊಂದು ಸಲ ಸರಿಯಾಗಿ.

ಮೊದಲನೆಯದು 2022ರ ಆಗಸ್ಟ್ ತಿಂಗಳು. ಜಿಟಿಜಿಟಿ ಮಳೆ, ಮೈಕೈ ನೋವು, ಚಳಿ ಜ್ವರ. ನಮ್ಮ ಕಡೆ ಜ್ವರ ಬಂದವರು ದವಾಖಾನೆಗೆ ಹೋದರೆ ಒಂದು ಸೂಜಿ ಮಾಡಿಸಿಕೊಂಡು ಬಂದರೇನೇ ಸಮಾಧಾನ. ನಾನೂ ಹತ್ತಿರದ ದವಾಖಾನೆಯೊಂದಕ್ಕೆ ಹೋಗಿ, ನಾಳೆ ಪರೀಕ್ಷೆಯ ಕೆಲಸವಿದೆ, ಬೇಗ ಇಳಿಯುವಂತೆ ಸೂಜಿ ಕೊಡಿ ಎಂದು ಬಾಯಿಬಿಟ್ಟು ಕೇಳಿದೆ. ಅಸಿಟ್ರೋಮ್ ಸುದ್ದಿಯನ್ನು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಅವರು ಪಿರ್ರೆಗೆ ಡೈಕ್ಲೋಫೆನಾಕ್ ಸೂಜಿ ಕೊಟ್ಟು, ಅಸೆಕ್ಲೋಫೆನಾಕ್ ಮತ್ತು ಪ್ಯಾರಾಸಿಟಮಾಲ್ ಕೂಡಿದ ಗುಳಿಗೆಗಳನ್ನು ಐದು ದಿನಕ್ಕೆ ಬರೆದರು. ಮೂರನೆಯ ದಿನ ಮುಂಜಾನೆ ಸೂಜಿ ಚುಚ್ಚಿದ ಜಾಗ ಅಂಗೈಯಗಲ ಗಟ್ಟಿಯಾಗಿ ಬಾತಿತ್ತು. ಸಂಜೆಯೊಳಗೆ ಕಪ್ಪು ನೇರಳೆ ಬಣ್ಣ ತೊಡೆಯ ಹಿಂಬದಿಗೆ ಇಳಿದು, ಕುರ್ಚಿಯಲ್ಲಿ ಕೂಡುವುದೂ ಆಗಲಿಲ್ಲ. ಹುಬ್ಬಳ್ಳಿಗೆ ಕರೆದೊಯ್ದು ಪರೀಕ್ಷಿಸಿದಾಗ ಐಎನ್‌ಆರ್ 7.1 ಇತ್ತು. ಮೂರು ದಿನ ಒಳರೋಗಿಯಾಗಿದ್ದೆ. ಆ ಕಲೆ ನೇರಳೆಯಿಂದ ಹಸಿರಾಗಿ, ಹಳದಿಯಾಗಿ ಮಾಯಲು ಒಂದು ತಿಂಗಳೇ ಹಿಡಿಯಿತು.

ಸ್ನಾಯುವಿನೊಳಗೆ ಚುಚ್ಚುವ ದಪ್ಪ ಸೂಜಿ ಮತ್ತು ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್, ಐಬುಪ್ರೊಫೆನ್, ಆಸ್ಪಿರಿನ್ ಗುಂಪಿನ ನೋವಿನ ಗುಳಿಗೆಗಳು ನಮ್ಮಂಥವರಿಗೆ ಯಾಕೆ ಸಲ್ಲವೆಂಬುದನ್ನು ಆಮೇಲೆ ನಮ್ಮ ಹೃದ್ರೋಗ ತಜ್ಞರು ಬಿಡಿಸಿ ಹೇಳಿದರು. ಈ ಗುಳಿಗೆಗಳು ಹೊಟ್ಟೆಯ ಒಳಪದರವನ್ನು ಕೆರಳಿಸುತ್ತವೆ, ರಕ್ತದ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟುವುದನ್ನೂ ತಡೆಯುತ್ತವೆ. ಈಗಾಗಲೇ ತೆಳುವಾಗಿರುವ ರಕ್ತಕ್ಕೆ ಇದು ಇನ್ನೊಂದು ಹೊಡೆತ. (ಕವಾಟದ ಕೆಲವು ರೋಗಿಗಳಿಗೆ ವೈದ್ಯರೇ ಸಣ್ಣ ಪ್ರಮಾಣದ ಆಸ್ಪಿರಿನ್ ಬರೆದಿರುತ್ತಾರೆ. ಅದು ಬೇರೆ ಮಾತು, ಅದನ್ನು ನಾವಾಗಿ ಬಿಡಬಾರದು.) ಅಂದಿನಿಂದ ನನ್ನ ಅಂಗಿಯ ಜೇಬಿನಲ್ಲಿ ಒಂದು ಚೀಟಿ ಇರುತ್ತದೆ. "ಹೃದಯದಲ್ಲಿ ಕೃತಕ ಕವಾಟವಿದೆ. ಅಸಿಟ್ರೋಮ್ ಸೇವಿಸುತ್ತಾರೆ. ಕೇಳದೆ ಸ್ನಾಯುವಿಗೆ ಸೂಜಿ ಕೊಡಬೇಡಿ" ಎಂದು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದು, ಕೆಳಗೆ ಡಾಕ್ಟರ ಮತ್ತು ನನ್ನ ಹೆಂಡತಿಯ ಫೋನ್ ನಂಬರ್ ಹಾಕಿ, ಲ್ಯಾಮಿನೇಶನ್ ಮಾಡಿಸಿದ್ದೇನೆ. ಔಷಧ ಅಂಗಡಿಯಲ್ಲಿ ನೆಗಡಿಯ ಗುಳಿಗೆ ಕೇಳುವಾಗಲೂ ಮೊದಲು ಆ ಚೀಟಿಯನ್ನೇ ಮುಂದಿಡುತ್ತೇನೆ.

ಎರಡನೆಯ ಸಲ ಫ್ಲೂ ಬಂದದ್ದು 2024ರ ಫೆಬ್ರವರಿಯಲ್ಲಿ. ಭಾನುವಾರ ಸಂಜೆ ಮೈ ಮುರಿದಂತಾಗಿ, ರಾತ್ರಿ 102 ಡಿಗ್ರಿ ಜ್ವರ ಏರಿತು. ಸೋಮವಾರ ಮುಂಜಾನೆ ಹುಬ್ಬಳ್ಳಿಯ ಡಾಕ್ಟರಿಗೆ ಫೋನ್ ಮಾಡಿದೆ. "ಮಾಸ್ತರ್ರೇ, ಗುಳಗಿ ನಿಲ್ಲಸಬ್ಯಾಡ್ರಿ, ಹೆಚ್ಚು ಕಡಿಮಿನೂ ಮಾಡಬ್ಯಾಡ್ರಿ. ಮೊದಲ ರಕ್ತ ಕೊಡ್ರಿ," ಎಂದರು. ನನ್ನ ತಿಂಗಳ ಐಎನ್‌ಆರ್ ಪರೀಕ್ಷೆ ಹತ್ತು ದಿನದ ಹಿಂದಷ್ಟೇ ಆಗಿತ್ತು, 2.9 ಬಂದಿತ್ತು. ಇನ್ನೂ ಇಪ್ಪತ್ತು ದಿನ ನಿಶ್ಚಿಂತೆ ಎಂದು ನಾನು ಎಣಿಸಿದ್ದೆ. ಆದರೆ ಆ ಇಪ್ಪತ್ತು ದಿನದ ಲೆಕ್ಕ ಆರೋಗ್ಯವಾಗಿರುವ ಮೈಗೆ ಮಾತ್ರ ಅನ್ವಯಿಸುತ್ತದೆ, ಜ್ವರದ ಮೈಗಲ್ಲ. ಸೋಮವಾರವೇ ಹಾವೇರಿಯ ಲ್ಯಾಬಿನಲ್ಲಿ ಐಎನ್‌ಆರ್ ಜೊತೆಗೆ ಪ್ಲೇಟ್‌ಲೆಟ್ ಎಣಿಕೆ ಮತ್ತು ಡೆಂಗಿ ಪರೀಕ್ಷೆಯನ್ನೂ ಮಾಡಿಸಿದೆವು. ಡೆಂಗಿಯಲ್ಲಿ ಪ್ಲೇಟ್‌ಲೆಟ್ ಇಳಿಯುವುದರಿಂದ, ನಮ್ಮ ಗುಳಿಗೆ ತಿನ್ನುವವರಿಗೆ ಜ್ವರ ಯಾವುದೆಂದು ಊಹಿಸಿ ಸುಮ್ಮನೆ ಕೂಡುವುದು ಅಪಾಯ. ಡೆಂಗಿ ಇರಲಿಲ್ಲ, ಪ್ಲೇಟ್‌ಲೆಟ್ 1,90,000 ಇತ್ತು, ಐಎನ್‌ಆರ್ 3.2. ಹೃದಯದ ರೋಗಿಯೆಂಬ ಕಾರಣಕ್ಕೆ ಡಾಕ್ಟರು ಫ್ಲೂಗೆ ಓಸೆಲ್ಟಾಮಿವಿರ್ ಮಾತ್ರೆಯನ್ನು ಅಂದೇ ಆರಂಭಿಸಿದರು. ಅದನ್ನು ಲಕ್ಷಣ ಕಂಡ 48 ತಾಸುಗಳ ಒಳಗೆ ಶುರುಮಾಡಿದರೆ ಹೆಚ್ಚು ಉಪಯೋಗ.

ಜ್ವರದಲ್ಲಿ ಐಎನ್‌ಆರ್ ಏಕೆ ಏರುತ್ತದೆ ಎಂಬುದನ್ನು ಅರಿತರೆ ಉಳಿದದ್ದೆಲ್ಲ ತಾನಾಗಿ ತಿಳಿಯುತ್ತದೆ. ನಮ್ಮ ಯಕೃತ್ತು ವಿಟಮಿನ್ ಕೆ ಬಳಸಿಕೊಂಡು ರಕ್ತ ಹೆಪ್ಪುಗಟ್ಟಿಸುವ ಕೆಲವು ಅಂಶಗಳನ್ನು ತಯಾರಿಸುತ್ತದೆ. ಅಸಿಟ್ರೋಮ್ ಆಗಲಿ, ಅದೇ ಜಾತಿಯ ಇನ್ನೊಂದು ಗುಳಿಗೆ ವಾರ್ಫರಿನ್ ಆಗಲಿ ಆ ವಿಟಮಿನ್ ಮತ್ತೆ ಮತ್ತೆ ಬಳಕೆಗೆ ಬಾರದಂತೆ ತಡೆಯುತ್ತವೆ. ಈ ಜಾತಿಯ ಔಷಧ ಮೊದಲು ಗೊತ್ತಾದದ್ದೇ ದನಗಳಿಂದ. 1920ರ ದಶಕದಲ್ಲಿ ಅಮೆರಿಕ ಮತ್ತು ಕೆನಡಾದಲ್ಲಿ ಮುಗ್ಗಿದ ಮೇವು ತಿಂದ ದನಗಳು ರಕ್ತ ಸೋರಿ ಸಾಯುತ್ತಿದ್ದವು. ಆ ಮೇವಿನಲ್ಲಿದ್ದ ವಸ್ತುವನ್ನು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಾರ್ಲ್ ಪಾಲ್ ಲಿಂಕ್ ಅವರ ತಂಡ ಬೇರ್ಪಡಿಸಿದ ಮೇಲೆ, ಅದೇ ದಾರಿಯಲ್ಲಿ ವಾರ್ಫರಿನ್ ಬಂತು. ಈಗ ಜ್ವರದ ಮೈಯನ್ನು ನೋಡಿರಿ. ಕಾಯ್ದ ಮೈಯಲ್ಲಿ ಹೆಪ್ಪುಗಟ್ಟಿಸುವ ಅಂಶಗಳು ಬೇಗ ಸವೆಯುತ್ತವೆ, ಬಾಯಿರುಚಿ ಕೆಟ್ಟು ಊಟ ಬಿಡುವುದರಿಂದ ವಿಟಮಿನ್ ಕೆ ಒಳಗೆ ಹೋಗುವುದಿಲ್ಲ, ಬೇಧಿಯಾದರೆ ಹೋದಷ್ಟೂ ನಿಲ್ಲುವುದಿಲ್ಲ, ಮೇಲೆ ಬೇರೆ ಔಷಧಗಳು ಸೇರುತ್ತವೆ. ಗುಳಿಗೆ ಅದೇ 3 ಮಿಲಿಗ್ರಾಂ ಇದ್ದರೂ ಕೆಲಸ ಮಾತ್ರ 4 ಅಥವಾ 5 ಮಿಲಿಗ್ರಾಂ ತಿಂದಂತೆ ನಡೆಯುತ್ತದೆ.

ನನ್ನ ದಿನದ ಊಟದಲ್ಲಿ ಜೋಳದ ರೊಟ್ಟಿಯ ಜೊತೆ ತಪ್ಪಲು ಪಲ್ಯ ಇದ್ದೇ ಇರುತ್ತದೆ. ಮೆಂತ್ಯ, ರಾಜಗಿರಿ, ಚಳಿಗಾಲದಲ್ಲಿ ಹಸಿ ಹಕ್ಕರಕಿ. ಇವುಗಳಲ್ಲಿ ವಿಟಮಿನ್ ಕೆ ಇರುವುದರಿಂದ ಇವನ್ನೆಲ್ಲ ಪೂರ್ತಿ ಬಿಡಬೇಕೆಂದು ಅನೇಕರು ನಂಬಿದ್ದಾರೆ. ಬಿಡಬೇಕಿಲ್ಲ, ವಾರದಿಂದ ವಾರಕ್ಕೆ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ತಿನ್ನಬೇಕು, ಅಷ್ಟೇ. ನನ್ನ ಗುಳಿಗೆಯ ಪ್ರಮಾಣವೇ ಆ ತಪ್ಪಲು ಪಲ್ಯವನ್ನು ಲೆಕ್ಕಕ್ಕೆ ಹಿಡಿದು ನಿಗದಿಯಾದದ್ದು. ಜ್ವರ ಬಂದ ಸೋಮವಾರ ನಮ್ಮ ಅವ್ವ, "ಜ್ವರಕ್ಕ ಉಪವಾಸನ ಮದ್ದಪಾ, ಎರಡು ದಿನ ಹೊಟ್ಟಿ ಖಾಲಿ ಇರ್ಲಿ," ಎಂದಳು. ಅವಳ ಕಾಲಕ್ಕೆ ಅದು ಸರಿಯಾದ ಮಾತೇ. ಆದರೆ ಎರಡು ದಿನ ಬರೀ ನೀರು, ಚಹಾದ ಮೇಲೆ ಇದ್ದರೆ ಐಎನ್‌ಆರ್ ಏರುತ್ತದೆ ಎಂದು ಅವಳಿಗೆ ನಿಧಾನವಾಗಿ ತಿಳಿಸಿ ಹೇಳಿದೆ. ಆಮೇಲೆ ಅವಳೇ ಹೆಸರುಬೇಳೆಯ ಕಟ್ಟಿನಲ್ಲಿ ಎರಡು ಚಮಚ ಮೆಂತ್ಯ ತಪ್ಪಲು ಹಾಕಿ ಕುದಿಸಿ, ಅನ್ನ ಮೆತ್ತಗೆ ಕಲೆಸಿ, ದಿನಕ್ಕೆ ಮೂರು ಸಲ ತಂದಿಟ್ಟಳು. ಕಷಾಯದ ವಿಷಯದಲ್ಲಿ ಮಾತ್ರ ನಾನು ಗಟ್ಟಿಯಾಗಿ ನಿಂತೆ. ಅಡುಗೆಗೆ ಹಾಕುವಷ್ಟು ಶುಂಠಿ, ಅರಿಷಿಣ, ಬೆಳ್ಳುಳ್ಳಿಗೆ ನನ್ನ ತಕರಾರಿಲ್ಲ. ಆದರೆ ಅವನ್ನೇ ಮುಷ್ಟಿಗಟ್ಟಲೆ ಜಜ್ಜಿ ಇಳಿಸಿದ ಕಷಾಯವನ್ನು ಹೊತ್ತುಹೊತ್ತಿಗೆ ಕುಡಿದರೆ ಅದೂ ಒಂದು ಔಷಧವೇ ಆಗುತ್ತದೆ, ರಕ್ತಸ್ರಾವದ ಕಡೆಗೆ ವಾಲಿಸಬಹುದು.

ಪ್ಯಾರಾಸಿಟಮಾಲ್ ಬಗ್ಗೆ ಸ್ವಲ್ಪ ಹೆಚ್ಚೇ ಬರೆಯಬೇಕು, ಯಾಕೆಂದರೆ ಅದನ್ನು ಎಲ್ಲರೂ ನಿರಪಾಯವೆಂದು ಎಣಿಸುತ್ತಾರೆ. ನಮಗೆ ಜ್ವರಕ್ಕೆ ಸಲ್ಲುವ ಗುಳಿಗೆ ಅದೇ, ನಿಜ. ಆದರೆ ದಿನಕ್ಕೆ 2 ಗ್ರಾಂನಷ್ಟು, ಅಂದರೆ 500 ಮಿಲಿಗ್ರಾಂನ ನಾಲ್ಕು ಗುಳಿಗೆಗಳನ್ನು, ಸತತವಾಗಿ ಕೆಲವು ದಿನ ತಿಂದರೆ ಅದೂ ಐಎನ್‌ಆರ್ ಏರಿಸುತ್ತದೆ. ಇದಕ್ಕಿಂತ ಮೋಸಹೋಗುವ ಜಾಗವೆಂದರೆ ಅಂಗಡಿಯ ನೆಗಡಿ ಗುಳಿಗೆಗಳು. ಅವುಗಳಲ್ಲಿ ಬಹಳಷ್ಟರೊಳಗೆ ಪ್ಯಾರಾಸಿಟಮಾಲ್ ಆಗಲೇ ಸೇರಿರುತ್ತದೆ. ಜ್ವರಕ್ಕೊಂದು, ನೆಗಡಿಗೊಂದು ಎಂದು ನುಂಗಿದವನು ತನಗೆ ಗೊತ್ತಿಲ್ಲದೆ ಎರಡು ಪಟ್ಟು ತಿಂದಿರುತ್ತಾನೆ. ನಾನು ಡಾಕ್ಟರ ಮಾತಿನಂತೆ 500 ಮಿಲಿಗ್ರಾಂನ ಒಂದೇ ಬಗೆಯ ಗುಳಿಗೆ ಇಟ್ಟುಕೊಂಡು, ಜ್ವರ 100 ಡಿಗ್ರಿ ದಾಟಿದರೆ ಮಾತ್ರ, ಆರು ತಾಸಿನ ಅಂತರ ಬಿಟ್ಟು, ದಿನಕ್ಕೆ ಮೂರಕ್ಕೆ ಮೀರದಂತೆ ತೆಗೆದುಕೊಂಡೆ. ಕಟ್ಟಿದ ಮೂಗಿಗೆ ಬಿಸಿನೀರಿನ ಹಬೆ ಸಾಕಾಯಿತು.

ಪ್ರತಿಯೊಂದನ್ನೂ ಬರೆದಿಡಲು ಒಂದು ಇನ್ನೂರು ಪುಟದ ವಹಿ ಇದೆ. ಆ ಮಂಗಳವಾರದ ಪುಟದಲ್ಲಿ ಹೀಗಿದೆ: "6.10, ಜ್ವರ 101.4, ಪ್ಯಾರಾ ಒಂದು. 9.00, ಗಂಜಿ ಅರ್ಧ ಬಟ್ಟಲು. 1.15, ಜ್ವರ 101, ಪ್ಯಾರಾ ಒಂದು. 4.30, ಮೂಗು ಸೀಟಿದಾಗ ಕೆಂಪು ಎಳೆ. 7.00, ಅಸಿಟ್ರೋಮ್ 2." ಕೊನೆಯ ಸಾಲು ನನ್ನ ಹೆಂಡತಿಯ ಕೈಬರಹ. ಜ್ವರದ ಮಂಪರಿನಲ್ಲಿ ಎಂಟು ಗಂಟೆಗೆ ಎಚ್ಚರಾಗಿ, ಗುಳಿಗೆ ನುಂಗಿದೆನೋ ಇಲ್ಲವೋ ಎಂದು ತಿಳಿಯದೆ ಮತ್ತೊಂದಕ್ಕೆ ಕೈಚಾಚಿದ್ದೆ. ಅವಳು ವಹಿ ತೋರಿಸಿ, ವಾರದ ಡಬ್ಬಿಯ ಮಂಗಳವಾರದ ಖಾನೆ ಖಾಲಿಯಾಗಿರುವುದನ್ನೂ ತೋರಿಸಿದಳು. 2 ಮತ್ತು 3 ಮಿಲಿಗ್ರಾಂ ಗುಳಿಗೆಗಳ ಪಟ್ಟಿಗಳನ್ನು ಒಂದೇ ಡಬ್ಬಿಯಲ್ಲಿ ಇಡದಿರುವುದು, ಕತ್ತರಿಸುವಾಗ ಮಿಲಿಗ್ರಾಂ ಅಂಕಿಯಿರುವ ತುದಿಯನ್ನು ಕಡೆಯವರೆಗೂ ಉಳಿಸಿಕೊಳ್ಳುವುದು, ಇವೆಲ್ಲ ಅವಳ ಶಿಸ್ತು.

ಬುಧವಾರ ಮತ್ತೆ ರಕ್ತ ಕೊಟ್ಟೆ. ಐಎನ್‌ಆರ್ 4.7. ಸೋಮವಾರದ ಸಂಖ್ಯೆ ಚೆನ್ನಾಗಿದೆಯೆಂದು ಸುಮ್ಮನಿದ್ದರೆ ಈ ಏರಿಕೆ ನಮಗೆ ತಿಳಿಯುತ್ತಲೇ ಇರಲಿಲ್ಲ. ಹೆಪ್ಪುಗಟ್ಟಿಸುವ ಅಂಶಗಳು ಕ್ರಮೇಣ ಕಡಿಮೆಯಾಗುವುದರಿಂದ ಜ್ವರದ ಪರಿಣಾಮ ರಕ್ತಪರೀಕ್ಷೆಯಲ್ಲಿ ಕಾಣಲು ಎರಡು ಮೂರು ದಿನ ಬೇಕು. ಲ್ಯಾಬಿನಲ್ಲಿ ಸೂಜಿ ತೆಗೆದ ಮೇಲೆ ಹತ್ತಿಯನ್ನು ಐದು ನಿಮಿಷ ಒತ್ತಿ ಹಿಡಿದು ಕುಳಿತಿದ್ದೆ. ಮನಸ್ಸು ಮಾತ್ರ 2022ರ ಕಡೆಗೇ ಓಡುತ್ತಿತ್ತು. ಗುಳಿಗೆಯನ್ನು ನಾಲ್ಕು ದಿನ ಬಿಟ್ಟೇಬಿಡೋಣ ಎನ್ನಿಸಿತು. ಡಾಕ್ಟರು ಒಪ್ಪಲಿಲ್ಲ. ರಕ್ತಸ್ರಾವವಿಲ್ಲದಿದ್ದರೆ ಈ ಸಂಖ್ಯೆಗೆ ಒಂದು ರಾತ್ರಿಯ ಗುಳಿಗೆ ಬಿಟ್ಟು, ನಂತರ ದಿನಕ್ಕೆ 2 ಮಿಲಿಗ್ರಾಂನಂತೆ ಮುಂದುವರಿಸಿ, ಶುಕ್ರವಾರ ಮತ್ತೆ ಪರೀಕ್ಷಿಸಿದರೆ ಸಾಕೆಂದರು. ಅಸಿಟ್ರೋಮ್ ವಾರ್ಫರಿನ್‌ಗಿಂತ ಬೇಗ ಮೈಯಿಂದ ಹೊರಟುಹೋಗುತ್ತದೆ. ಮೂರ್ನಾಲ್ಕು ದಿನ ಬಿಟ್ಟರೆ ಕವಾಟಕ್ಕೆ ಕಾವಲೇ ಇಲ್ಲದಂತಾಗಿ, ಹೆಪ್ಪು ಕಟ್ಟಿ ಅದು ಸಿಕ್ಕಿಕೊಳ್ಳಬಹುದು, ಅಥವಾ ಆ ಹೆಪ್ಪು ಮೆದುಳಿಗೆ ಹೋಗಿ ಲಕ್ವ ಹೊಡೆಯಬಹುದು. ನನ್ನ 4.7ಕ್ಕೆ ಅವರು ಕೊಟ್ಟ ಈ ಲೆಕ್ಕ ನನ್ನದು ಮಾತ್ರ. ಇನ್ನೊಬ್ಬರ ಕವಾಟ, ವಯಸ್ಸು, ಗುಳಿಗೆ ಬೇರೆ, ಆದ್ದರಿಂದ ಅವರ ಡಾಕ್ಟರ ಲೆಕ್ಕವೂ ಬೇರೆ ಇರುತ್ತದೆ.

ಆ ದಿನಗಳಲ್ಲಿ ಬ್ಲೇಡಿನಿಂದ ಗಡ್ಡ ಹೆರೆಯಲಿಲ್ಲ, ಮೆತ್ತನೆಯ ಬ್ರಶ್ ಬಳಸಿದೆ, ರಾತ್ರಿ ಬಚ್ಚಲಿಗೆ ಹೋಗುವಾಗ ತಲೆಸುತ್ತಿ ಬಿದ್ದರೆ ತಲೆಗೆ ಪೆಟ್ಟಾದೀತೆಂದು ದೀಪ ಹಚ್ಚಿಯೇ ಇಟ್ಟೆವು. ಮೂಗಿನ ಕೆಂಪು ಎಳೆಗೆ ಹೆದರಲಿಲ್ಲ. ಆದರೆ ಹತ್ತು ನಿಮಿಷ ಒತ್ತಿ ಹಿಡಿದರೂ ನಿಲ್ಲದ ಮೂಗಿನ ರಕ್ತ, ಡಾಂಬರಿನಂಥ ಕಪ್ಪು ಮಲ, ಕೆಂಪು ಮೂತ್ರ, ಹಿಂದೆಂದೂ ಇಲ್ಲದಂಥ ತಲೆನೋವು, ಬಾಯಿ ಸೊಟ್ಟಗಾಗುವುದು, ಮಾತು ತೊದಲುವುದು, ತಲೆಗೆ ಪೆಟ್ಟು ಬೀಳುವುದು, ಕವಾಟದ ಟಿಕ್ ಸದ್ದು ಮಂಕಾಗಿ ಉಸಿರು ಸಿಕ್ಕಿಕೊಳ್ಳುವುದು, ಇವುಗಳಲ್ಲಿ ಒಂದು ಕಂಡರೂ ಫೋನಿಗೆ ಕಾಯದೆ ಹುಬ್ಬಳ್ಳಿಗೆ ಹೊರಡಬೇಕೆಂದು ವಹಿಯ ಮೊದಲ ಪುಟದಲ್ಲೇ ಬರೆದಿದ್ದೇವೆ. ವಾಹನದ ನಂಬರೂ ಅಲ್ಲಿಯೇ ಇದೆ.

ಶುಕ್ರವಾರ 3.4ಕ್ಕೆ ಇಳಿಯಿತು. ಕೆಮ್ಮಿನಲ್ಲಿ ಹಳದಿ ಕಫ ಕಂಡಾಗ ಸಹೋದ್ಯೋಗಿಯೊಬ್ಬರು ಆ್ಯಂಟಿಬಯೋಟಿಕ್ ಕೋರ್ಸ್ ತೆಗೆದುಕೊಳ್ಳಿ ಎಂದು ಒತ್ತಾಯಿಸಿದರು. ಡಾಕ್ಟರು ಎದೆ ಪರೀಕ್ಷಿಸಿ ಬೇಡವೆಂದರು. ಫ್ಲೂ ವೈರಸ್ಸಿನಿಂದ ಬರುವುದರಿಂದ ಅದಕ್ಕೆ ಆ್ಯಂಟಿಬಯೋಟಿಕ್ ನಾಟುವುದಿಲ್ಲ. ಮೇಲಾಗಿ ಕೋಟ್ರೈಮೊಕ್ಸಜೋಲ್, ಮೆಟ್ರೊನಿಡಜೋಲ್, ಸಿಪ್ರೊಫ್ಲಾಕ್ಸಸಿನ್‌ನಂಥವು ಐಎನ್‌ಆರ್ ಅನ್ನು ಜಿಗಿಸಬಲ್ಲವು. ನಿಜವಾಗಿ ಬೇಕಾದಾಗ ಅವನ್ನು ತೆಗೆದುಕೊಳ್ಳಲೇಬೇಕು, ಆದರೆ ಕೆಲವೇ ದಿನಗಳಲ್ಲಿ ರಕ್ತಪರೀಕ್ಷೆಯೂ ಆಗಬೇಕು.

ಜ್ವರ ಬಿಟ್ಟ ಮೇಲಿನ ವಾರದ ಬಗ್ಗೆ ನನಗೆ ಯಾರೂ ಮೊದಲೇ ಎಚ್ಚರಿಸಿರಲಿಲ್ಲ. ಶನಿವಾರದಿಂದ ಬಾಯಿರುಚಿ ಮರಳಿ, ರೊಟ್ಟಿ, ಪಲ್ಯ ಮೊದಲಿನಂತೆ ತಿನ್ನತೊಡಗಿದೆ. ಪ್ಯಾರಾಸಿಟಮಾಲ್ ನಿಂತಿತ್ತು, ಗುಳಿಗೆ ಮಾತ್ರ ಇಳಿಸಿದ 2 ಮಿಲಿಗ್ರಾಂನಲ್ಲೇ ನಡೆದಿತ್ತು. ಮಂಗಳವಾರ ಶಾಲೆಗೆ ಹೋಗುವ ಮುನ್ನ ಕೊಟ್ಟ ರಕ್ತದಲ್ಲಿ ಐಎನ್‌ಆರ್ 2.2 ಬಂತು. ಮೈ ಹಗುರಾಗಿತ್ತು, ಹಸಿವೆ ಚೆನ್ನಾಗಿತ್ತು, ಆದರೆ ಕವಾಟದ ಮಟ್ಟಿಗೆ ಜ್ವರದ ದಿನಗಳಿಗಿಂತ ಅದೇ ಹೆಚ್ಚು ಚಿಂತೆಯ ದಿನ. ಅಂದು ಸಂಜೆಯೇ ಹಳೆಯ ಪ್ರಮಾಣಕ್ಕೆ ಮರಳಲು ಡಾಕ್ಟರು ಹೇಳಿದರು. ಶನಿವಾರ 2.7, ಮುಂದೆ ಎರಡು ವಾರಕ್ಕೆ 3.0.

ಮಳೆಗಾಲ ಹಿಡಿಯುವ ಮೊದಲು, ಐಎನ್‌ಆರ್ ಹದದಲ್ಲಿದೆಯೆಂದು ಖಾತ್ರಿ ಮಾಡಿಕೊಂಡು, ಫ್ಲೂ ಲಸಿಕೆ ಹಾಕಿಸಿಕೊಂಡೆ. ಸ್ನಾಯುವಿಗೆ ಸೂಜಿ ಬೇಡವೆಂದು ಚೀಟಿ ಹೊತ್ತು ತಿರುಗುವವನು ಇದನ್ನು ಹೇಗೆ ಒಪ್ಪಿದೆ ಎಂದು ಹೆಂಡತಿ ಕೇಳಿದಳು. ಲಸಿಕೆಯ ಪ್ರಮಾಣ ಅರ್ಧ ಮಿಲಿಲೀಟರ್, ಸೂಜಿ ತೆಳ್ಳಗಿನದು, ಚುಚ್ಚುವುದು ಒತ್ತಿ ಹಿಡಿಯಲು ಬರುವ ತೋಳಿಗೆ. ನರ್ಸ್‌ಗೆ ಚೀಟಿ ತೋರಿಸಿದೆ. ಅವರು ತೆಳ್ಳನೆಯ ಸೂಜಿಯನ್ನೇ ಆರಿಸಿಕೊಂಡು, ಚುಚ್ಚಿದ ಜಾಗವನ್ನು ತಿಕ್ಕದೆ, ಗೋಡೆಯ ಗಡಿಯಾರ ನೋಡುತ್ತ ಐದು ನಿಮಿಷ ಒತ್ತಿ ಹಿಡಿದರು. ಮರುದಿನ ತೋಳಿನಲ್ಲಿ ಸಾಸಿವೆ ಕಾಳಿನಷ್ಟು ಒಂದು ಕಲೆ ಇತ್ತು.