ಲೋಕಪಾಲಕ್ಕೆ ದೂರು ಸಲ್ಲಿಸುವ ಕ್ರಮ

ಕೇಂದ್ರ ಸರ್ಕಾರದಲ್ಲಿರುವವರ ಭ್ರಷ್ಟಾಚಾರದ ವಿರುದ್ಧ ದೂರು ಕೊಡಬಯಸುವವರು ಅರ್ಜಿ ಬರೆಯಲು ಕೂರುವ ಮೊದಲು, ಆರೋಪಕ್ಕೆ ಒಳಗಾದ ವ್ಯಕ್ತಿ, ಇಂಥ ದೂರುಗಳನ್ನು ವಿಚಾರಿಸುವ ಸಂಸ್ಥೆಯಾದ ಲೋಕಪಾಲದ ವ್ಯಾಪ್ತಿಗೆ ಬರುತ್ತಾರೆಯೇ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. 2013ರ ಲೋಕಪಾಲ ಮತ್ತು ಲೋಕಾಯುಕ್ತ ಕಾಯ್ದೆಯ ವ್ಯಾಪ್ತಿಯಲ್ಲಿ ಕೇಂದ್ರ ಸಚಿವರು, ಸಂಸದರು, ‘ಎ’ಯಿಂದ ‘ಡಿ’ವರೆಗಿನ ಗುಂಪುಗಳ ಕೇಂದ್ರ ನೌಕರರು ಹಾಗೂ ಕೇಂದ್ರದ ಹಣ ಅಥವಾ ಹಿಡಿತದಲ್ಲಿರುವ ನಿಗಮ, ಮಂಡಳಿಗಳ ಅಧಿಕಾರಿಗಳು ಬರುತ್ತಾರೆ. ಪ್ರಧಾನಿಯೂ ಇದಕ್ಕೆ ಹೊರತಲ್ಲ. ಆದರೆ ವಿದೇಶಾಂಗ ಸಂಬಂಧ, ದೇಶದ ಭದ್ರತೆ, ಸಾರ್ವಜನಿಕ ಸುವ್ಯವಸ್ಥೆ, ಅಣುಶಕ್ತಿ ಮತ್ತು ಬಾಹ್ಯಾಕಾಶದ ವಿಷಯಗಳಲ್ಲಿ ಅವರ ಮೇಲಿನ ಆರೋಪವನ್ನು ವಿಚಾರಣೆಗೆ ತೆಗೆದುಕೊಳ್ಳುವಂತಿಲ್ಲ. ಉಳಿದ ವಿಷಯಗಳಲ್ಲಿಯೂ ಲೋಕಪಾಲದ ಅಧ್ಯಕ್ಷರು ಮತ್ತು ಎಲ್ಲ ಸದಸ್ಯರು ಸೇರಿದ ಪೂರ್ಣಪೀಠದ ಮೂರನೇ ಎರಡರಷ್ಟು ಸದಸ್ಯರ ಒಪ್ಪಿಗೆ ಬೇಕು. ತಹಶೀಲ್ದಾರರ ಅಥವಾ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಲಂಚ ಕೇಳಿದ್ದರೆ, ಆ ದೂರು ಕರ್ನಾಟಕ ಲೋಕಾಯುಕ್ತಕ್ಕೆ ಹೋಗಬೇಕು. ಹೆಸರು ಹತ್ತಿರವಿದ್ದರೂ ಲೋಕಾಯುಕ್ತವು ಲೋಕಪಾಲದ ಶಾಖೆಯಲ್ಲ. ಅದು 1984ರ ರಾಜ್ಯ ಕಾಯ್ದೆಯಡಿ ನಡೆಯುವ ಬೇರೆಯೇ ಸಂಸ್ಥೆ.

ಎರಡನೆಯದಾಗಿ, ಆರೋಪವು 1988ರ ಭ್ರಷ್ಟಾಚಾರ ತಡೆ ಕಾಯ್ದೆಯಡಿ ಅಪರಾಧವಾಗುವಂಥದ್ದಾಗಿರಬೇಕು. ವರ್ಗಾವಣೆ, ಪಿಂಚಣಿ, ಬಡ್ತಿಯ ಕುಂದುಕೊರತೆಗಳು ಎಷ್ಟೇ ನ್ಯಾಯವಾಗಿದ್ದರೂ ಇಲ್ಲಿ ನಿಲ್ಲುವುದಿಲ್ಲ. ಕೃತ್ಯ ನಡೆದು ಏಳು ವರ್ಷ ಮೀರಿರಬಾರದು.

ದೂರನ್ನು ನಿಗದಿತ ನಮೂನೆಯಲ್ಲಿ ಬರೆದು, ಗುರುತಿನ ದಾಖಲೆಯ ಪ್ರತಿಯನ್ನೂ ಛಾಪಾಕಾಗದದ ಮೇಲಿನ ಪ್ರಮಾಣಪತ್ರವನ್ನೂ ಲಗತ್ತಿಸಬೇಕು. ಬರಹ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರಬೇಕೆಂದಿದ್ದರೂ, ಸಂವಿಧಾನದ ಎಂಟನೇ ಅನುಸೂಚಿಯ ಭಾಷೆಗಳ ದೂರನ್ನು ಸ್ವೀಕರಿಸಲು ನಿಯಮದಲ್ಲಿ ಅವಕಾಶವಿರುವುದರಿಂದ ಕನ್ನಡದಲ್ಲಿಯೂ ಬರೆಯಬಹುದು. ನನ್ನ ದೃಷ್ಟಿಯಲ್ಲಿ ಹೆಚ್ಚಿನ ಶ್ರಮ ಹಾಕಬೇಕಾದದ್ದು ವಿವರಣೆಯ ಭಾಗಕ್ಕೆ. ‘ಆ ಇಲಾಖೆಯಲ್ಲಿ ಎಲ್ಲರೂ ಹಣ ತಿನ್ನುತ್ತಾರೆ’ ಎಂಬ ವಾಕ್ಯದಿಂದ ಯಾವ ವಿಚಾರಣೆಯೂ ಹುಟ್ಟುವುದಿಲ್ಲ; ಅಸ್ಪಷ್ಟವಾದ ದೂರನ್ನು ಆರಂಭದಲ್ಲಿಯೇ ಮುಕ್ತಾಯಗೊಳಿಸಲು ನಿಯಮ ಅವಕಾಶ ಕೊಡುತ್ತದೆ. ಯಾರು, ಯಾವ ಹುದ್ದೆಯಲ್ಲಿದ್ದಾಗ, ಯಾವ ದಿನ, ಯಾವ ಕೆಲಸಕ್ಕಾಗಿ, ಎಷ್ಟು ಹಣ ಕೇಳಿದರು ಅಥವಾ ಪಡೆದರು ಎಂಬುದನ್ನು ಕಾಲಾನುಕ್ರಮದಲ್ಲಿ ಬರೆದು, ಕಣ್ಣಾರೆ ಕಂಡದ್ದು ಯಾವುದು, ಕೇಳಿ ತಿಳಿದದ್ದು ಯಾವುದು ಎಂದು ಬೇರ್ಪಡಿಸಿ, ಪ್ರತಿ ಸಂಗತಿಯ ಪಕ್ಕದಲ್ಲಿಯೇ ಅದನ್ನು ಸಮರ್ಥಿಸುವ ದಾಖಲೆಯ ಸಂಖ್ಯೆಯನ್ನು ನಮೂದಿಸುವುದು ಒಳ್ಳೆಯದು. ಮಾಹಿತಿ ಹಕ್ಕಿನಡಿ ಪಡೆದ ಕಡತದ ಪ್ರತಿಗಳು ಇಲ್ಲಿ ಬಹಳ ನೆರವಾಗುತ್ತವೆ. ಗೊತ್ತಿದ್ದೂ ಸುಳ್ಳು ದೂರು ಕೊಟ್ಟವರಿಗೆ ಒಂದು ವರ್ಷದವರೆಗೆ ಸೆರೆವಾಸ ಮತ್ತು ಒಂದು ಲಕ್ಷ ರೂಪಾಯಿಯವರೆಗೆ ದಂಡವಿದೆ. ಸದುದ್ದೇಶದಿಂದ ಕೊಟ್ಟ ದೂರು ಸಾಬೀತಾಗದಿದ್ದರೆ ಈ ಶಿಕ್ಷೆ ಅನ್ವಯಿಸುವುದಿಲ್ಲ.

ದೂರು ಅಂಗೀಕಾರವಾದರೆ ಸಾಮಾನ್ಯವಾಗಿ ಪ್ರಾಥಮಿಕ ವಿಚಾರಣೆ ನಡೆಯುತ್ತದೆ. ನೌಕರರ ವಿಷಯದಲ್ಲಿ ಅದನ್ನು ಕೇಂದ್ರ ಜಾಗೃತ ಆಯೋಗಕ್ಕೆ ವಹಿಸುತ್ತಾರೆ. ಇದಕ್ಕೆ 90 ದಿನಗಳ ಗಡುವಿದ್ದು, ಕಾರಣ ದಾಖಲಿಸಿ ಇನ್ನೂ 90 ದಿನ ವಿಸ್ತರಿಸಬಹುದು. ಮೇಲುನೋಟಕ್ಕೆ ಹುರುಳಿದೆ ಎನಿಸಿದರೆ ಸಿಬಿಐಯಂಥ ಸಂಸ್ಥೆಗೆ ತನಿಖೆ ಒಪ್ಪಿಸುತ್ತಾರೆ. ತನಿಖೆಯ ನಂತರ ದೋಷಾರೋಪ ಪಟ್ಟಿ ಸಲ್ಲಿಸಲು ಅನುಮತಿ ಕೊಡುವುದು ಆರೋಪಿಯ ಇಲಾಖೆಯಲ್ಲ, ಲೋಕಪಾಲದ ಪೀಠ. ಸರ್ಕಾರ ತನ್ನವರನ್ನು ತಾನೇ ಕಾಯ್ದುಕೊಳ್ಳಲು ಬಳಸಬಹುದಾಗಿದ್ದ ಈ ಅನುಮತಿಯ ಅಧಿಕಾರವನ್ನು ಹೊರಗಿನ ಸಂಸ್ಥೆಗೆ ಕೊಟ್ಟಿರುವುದೇ, ನನ್ನ ಮಟ್ಟಿಗೆ, ಕಾಯ್ದೆಯ ಅತ್ಯಂತ ಬೆಲೆಯುಳ್ಳ ಅಂಶ.