ವ್ಯಾಸೆಕ್ಟಮಿ ಮಾಡುವಾಗ ನನ್ನ ಬೆರಳುಗಳು ಕಲಿತದ್ದು

ನಾನು ವ್ಯಾಸೆಕ್ಟಮಿ, ಅಂದ್ರೆ ಮಕ್ಕಳಾಗದಂತೆ ಗಂಡಸರ ವೀರ್ಯನಾಳ ಕತ್ತರಿಸುವ ಆಪರೇಷನ್ ಮಾಡುವ ಸರ್ಜನ್. ಬರುವ ಗಂಡಸರು ನೋವಿನ ಬಗ್ಗೆ ಕೇಳುವುದು ಆಮೇಲೆ. ಮೊದಲು ಕೇಳುವುದು, "ಡಾಕ್ಟ್ರೇ, ನಾನು ಮೊದಲಿನ ಹಾಗೇ ಇರ್ತೀನಾ?" ಅಂತ.

ಇರ್ತೀರಿ. ವೃಷಣಗಳಿಗೆ ನಾನು ಕೈ ಹಾಕುವುದಿಲ್ಲ. ಗಂಡಸಿನ ಹಾರ್ಮೋನು ಅಲ್ಲಿಂದ ನೇರ ರಕ್ತಕ್ಕೆ ಸೇರುತ್ತದೆ, ನಾನು ಕತ್ತರಿಸುವ ನಾಳದಲ್ಲಿ ಅದು ಹರಿಯುವುದೇ ಇಲ್ಲ. ಆಸೆಯೂ ಇರುತ್ತದೆ, ಸ್ಖಲನವೂ ಆಗುತ್ತದೆ. ವೀರ್ಯದಲ್ಲಿ ವೀರ್ಯಾಣುಗಳ ಪಾಲು ತೀರಾ ಕಡಿಮೆ, ಹಾಗಾಗಿ ಅವು ಇಲ್ಲದಿದ್ದರೂ ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ.

ಕೋಣೆ ಬೆಚ್ಚಗಿದೆಯಾ ಅಂತ ನೋಡಿಕೊಂಡೇ ಕೆಲಸ ಶುರು ಮಾಡುತ್ತೇನೆ. ಚಳಿಗೆ ವೃಷಣಚೀಲ ಮುದುಡಿಬಿಟ್ಟರೆ ನಾಳ ಕೈಗೆ ಸಿಗುವುದಿಲ್ಲ. ಎಡಗೈಯ ನಡುಬೆರಳು ಚೀಲದ ಹಿಂದೆ, ಹೆಬ್ಬೆರಳು ಮತ್ತು ತೋರುಬೆರಳು ಮುಂದೆ. ಮೂರರ ನಡುವೆ ವೀರ್ಯನಾಳ ಬಿಗಿಯಾದ ಹುರಿಯ ಹಾಗೆ ಜಾರುತ್ತದೆ. ಅದನ್ನು ಚರ್ಮದ ಕೆಳಗೇ, ನಡುಗೆರೆಗೆ ತಂದು ನಿಲ್ಲಿಸಬೇಕು. ಇದು ಪುಸ್ತಕ ಓದಿ ಬರುವ ವಿದ್ಯೆ ಅಲ್ಲ. ಕಲಿಯುವಾಗ ನಾನು ಅತಿ ಹೆಚ್ಚು ಒದ್ದಾಡಿದ್ದು ಇಲ್ಲೇ.

ಆಮೇಲೆ ಸಣ್ಣ ಸೂಜಿಯಿಂದ ಲಿಡೊಕೇನ್, ಅಂದ್ರೆ ಆ ಜಾಗ ಮರಗಟ್ಟಿಸುವ ಮದ್ದು. ಒಂದು ಕ್ಷಣ ಚುರುಕ್ ಅನ್ನುತ್ತದೆ, ಆಮೇಲೆ ಎಳೆದ ಹಾಗೆ ಮಾತ್ರ ಗೊತ್ತಾಗುತ್ತದೆ. ತುದಿಯಲ್ಲಿ ಉಂಗುರ ಇರುವ ಇಕ್ಕಳದಿಂದ ನಾಳವನ್ನು ಚರ್ಮದ ಸಮೇತ ಹಿಡಿಯುತ್ತೇನೆ. ಚೂಪು ತುದಿಯ ಇನ್ನೊಂದು ಇಕ್ಕಳದಿಂದ ಚುಚ್ಚಿ, ಮೆಲ್ಲಗೆ ಅಗಲಿಸುತ್ತೇನೆ. ಬ್ಲೇಡ್ ಬೇಕಿಲ್ಲ. ಅಗಲಿಸಿದಾಗ ರಕ್ತನಾಳಗಳು ಪಕ್ಕಕ್ಕೆ ಸರಿಯುತ್ತವೆ, ಅದಕ್ಕೇ ರಕ್ತ ಹೋಗುವುದು ಕಡಿಮೆ. 1974ರಲ್ಲಿ ಚೀನಾದ ಡಾ. ಲಿ ಶುನ್‌ಚಿಯಾಂಗ್ ರೂಪಿಸಿದ ವಿಧಾನ ಇದು. ಪ್ರತಿ ಸಲ ಆ ಇಕ್ಕಳ ಹಿಡಿದಾಗಲೂ ಅವರ ಬಗ್ಗೆ ಗೌರವ ಮೂಡುತ್ತದೆ.

ನಾಳವನ್ನು ಕುಣಿಕೆಯ ಹಾಗೆ ಹೊರಗೆಳೆದು, ಮೇಲಿನ ಪೊರೆ ಬಿಡಿಸಿ, ಸುಮಾರು 1 ಸೆಂ.ಮೀ. ತುಂಡು ತೆಗೆಯುತ್ತೇನೆ. ತುದಿಗಳ ಒಳಭಾಗವನ್ನು ಸುಟ್ಟು ಮುಚ್ಚಿ, ಎರಡರ ನಡುವೆ ಪೊರೆಯನ್ನೇ ಪರದೆಯಾಗಿ ಎಳೆದು ಕಟ್ಟುತ್ತೇನೆ. ಇದಕ್ಕೆ ಎರಡು ನಿಮಿಷ ಜಾಸ್ತಿ ಬೇಕು. ಆದರೂ ಬಿಡುವುದಿಲ್ಲ, ಯಾಕಂದ್ರೆ ಬಿಟ್ಟ ತುದಿಗಳು ತಾವಾಗಿಯೇ ಮತ್ತೆ ಕೂಡಿಕೊಳ್ಳಬಹುದು. ಇನ್ನೊಂದು ಕಡೆಯ ನಾಳವೂ ಅದೇ ತೂತಿನಿಂದ ಬರುತ್ತದೆ. ಹೊಲಿಗೆ ಇಲ್ಲ. ಒಟ್ಟು ಇಪ್ಪತ್ತು ನಿಮಿಷ.

ಎರಡು ದಿನ ವಿಶ್ರಾಂತಿ, ಬಿಗಿಯಾದ ಒಳಉಡುಪು, ಒಂದು ವಾರ ಭಾರ ಎತ್ತಬಾರದು. ಕೆಲವರಿಗೆ ರಕ್ತ ಕಟ್ಟುತ್ತದೆ, ಸೋಂಕು ಆಗುತ್ತದೆ. ನೂರರಲ್ಲಿ ಒಬ್ಬಿಬ್ಬರಿಗೆ ನೋವು ತಿಂಗಳುಗಟ್ಟಲೆ ಉಳಿಯುವುದೂ ಉಂಟು. ಇದನ್ನು ಮುಚ್ಚಿಡದೆ ಮೊದಲೇ ಹೇಳುತ್ತೇನೆ. ಮತ್ತೆ ಜೋಡಿಸುವ ಆಪರೇಷನ್ ಇದೆ, ಆದರೆ ಅದನ್ನು ನಂಬಿಕೊಂಡು ಇದಕ್ಕೆ ಬರಬೇಡಿ.

ಇಷ್ಟು ಚಿಕ್ಕ ಕೆಲಸವಾದರೂ ಲೆಕ್ಕ ನೋಡಿದರೆ ಬೇಜಾರಾಗುತ್ತದೆ. ವಿಶ್ವಸಂಸ್ಥೆಯ 2019ರ ಅಂದಾಜಿನಲ್ಲಿ ಹೆಂಗಸರ ಆಪರೇಷನ್ ನೆಚ್ಚಿಕೊಂಡವರು ಸುಮಾರು 21.9 ಕೋಟಿ, ಗಂಡಸರದ್ದನ್ನು ನೆಚ್ಚಿಕೊಂಡವರು 1.6 ಕೋಟಿ. ಹೆಂಗಸರಿಗೆ ಹೊಟ್ಟೆಯೊಳಗೆ ಹೋಗಬೇಕು, ಇಲ್ಲಿ ಚರ್ಮದ ಕೆಳಗೇ ಮುಗಿಯುತ್ತದೆ. ಕೆನಡಾ, ನ್ಯೂಜಿಲೆಂಡ್, ದಕ್ಷಿಣ ಕೊರಿಯಾದಲ್ಲಿ ಗಂಡಸರು ಇದನ್ನು ಸಹಜವಾಗಿ ಒಪ್ಪಿಕೊಂಡಿದ್ದಾರೆ. ಬೇರೆ ಕಡೆ ಆಗಬಾರದೇಕೆ?

ಒಂದು ತಪ್ಪು ನನ್ನನ್ನು ಇನ್ನೂ ಕಾಡುತ್ತದೆ. ಶುರುವಿನ ವರ್ಷಗಳಲ್ಲಿ ಒಬ್ಬರಿಗೆ "ಮೂರು ತಿಂಗಳು ಜಾಗ್ರತೆ" ಅಂತ ಅವಸರದಲ್ಲಿ ಹೇಳಿ ಕಳಿಸಿದ್ದೆ. ನಾಳದ ಮುಂದಿನ ಭಾಗದಲ್ಲಿ ಮೊದಲೇ ಇದ್ದ ವೀರ್ಯಾಣುಗಳು ಖಾಲಿಯಾಗಲು ಅಷ್ಟು ಕಾಲ ಬೇಕು ಅಂತ ಬಿಡಿಸಿ ಹೇಳಲಿಲ್ಲ. ಎರಡನೇ ತಿಂಗಳಲ್ಲೇ ಅವರ ಹೆಂಡತಿ ಗರ್ಭಿಣಿ. ಆಕೆಯ ಮೇಲೆ ಮನೆಯವರಿಗೆ ಅನುಮಾನ ಬಂತು. ನಾನೇ ಎಲ್ಲರನ್ನೂ ಕೂರಿಸಿಕೊಂಡು, ತಪ್ಪು ನನ್ನದು ಅಂತ ವಿವರಿಸಿದೆ.

ಆವತ್ತಿನಿಂದ ಗಂಡ ಹೆಂಡತಿ ಇಬ್ಬರನ್ನೂ ಎದುರಿಗೆ ಕೂರಿಸಿಯೇ ಮಾತಾಡುತ್ತೇನೆ. ವೀರ್ಯ ಪರೀಕ್ಷೆಯ ತಾರೀಖನ್ನು ಚೀಟಿಯಲ್ಲಿ ದೊಡ್ಡದಾಗಿ ಬರೆದು ಆಕೆಯ ಕೈಗೂ ಒಂದು ಕೊಡುತ್ತೇನೆ. "ಈ ರಿಪೋರ್ಟ್ ನೋಡಿ ಸಾಕು ಅಂತ ನಾನು ಹೇಳುವ ತನಕ ಕಾಂಡೋಮ್ ಬಿಡಬೇಡಿ" ಅನ್ನುತ್ತೇನೆ.